ಬಾಯಕ್ಕನ ಮೂರು ಬಡಿತ

ಅವಳ ಕೆಲಸ ಎಂದರೆ ಕೂತಿರುವುದು. ಸೇತುವೆಯ ಕೆಲಸಗಾರರೆಲ್ಲ ಹಾಗೆ ಹೇಳಿ ನಗುತ್ತಿದ್ದರು, ಅವಳೂ ನಗುತ್ತಿದ್ದಳು. "ನಮ್ಮ ಬಾಯಕ್ಕನಂಥ ಪುಣ್ಯ ಯಾರಿಗಿದೆ, ಕೂತಲ್ಲಿಗೇ ಸಂಬಳ ಬರುತ್ತೆ" ಎಂದು ಮೇಸ್ತ್ರಿ ವಾರಕ್ಕೊಮ್ಮೆಯಾದರೂ ಅನ್ನದೆ ಬಿಡುತ್ತಿರಲಿಲ್ಲ. ಆದರೆ ಅವಳು ಬರುವುದು ಐದು ನಿಮಿಷ ತಡವಾದರೂ ಅದೇ ಮೇಸ್ತ್ರಿ ಒಬ್ಬನನ್ನೂ ಒಳಗೆ ಇಳಿಯಲು ಬಿಡುತ್ತಿರಲಿಲ್ಲ.

ನದಿ ಸಮುದ್ರವನ್ನು ಸೇರುವ ಕಡೆ ಕಟ್ಟಿದ ಸೇತುವೆ ಅದು. ರಸ್ತೆಯ ಕೆಳಗೆ ಉದ್ದಕ್ಕೂ ಒಂದು ಕಬ್ಬಿಣದ ಪೆಟ್ಟಿಗೆ, ಭಾರವನ್ನೆಲ್ಲ ಹೊರುವುದು ಅದೇ. ಒಳಗೆ ಟೊಳ್ಳು, ಆಳು ತಲೆ ತಗ್ಗಿಸಿ ನಡೆಯುವಷ್ಟು ಎತ್ತರ. ಹತ್ತು ಹನ್ನೆರಡು ಹೆಜ್ಜೆಗೊಂದು ಅಡ್ಡಗೋಡೆ, ಪ್ರತಿ ಅಡ್ಡಗೋಡೆಯಲ್ಲೂ ತೆವಳಿ ದಾಟುವಷ್ಟು ಒಂದು ಕಿಂಡಿ. ಹೀಗೆ ಕೋಣೆಯ ಹಿಂದೆ ಕೋಣೆ. ಉಪ್ಪುಗಾಳಿ ಬಿಡುವುದಿಲ್ಲ, ಒಳಗೂ ತುಕ್ಕು ಹಿಡಿಯುತ್ತದೆ. ಅದನ್ನು ಕೆರೆದು ಬಣ್ಣ ಹಚ್ಚುವವರು ಆ ದಡ ಮುಟ್ಟುವಷ್ಟರಲ್ಲಿ ಈ ದಡದಲ್ಲಿ ಮತ್ತೆ ಶುರುಮಾಡುವ ಕಾಲ ಬಂದಿರುತ್ತಿತ್ತು. ಒಳಗಿಳಿಯಲು ಪಾದಚಾರಿಗಳ ಹಾದಿಯಲ್ಲಿ ಅಲ್ಲಲ್ಲಿ ಮುಚ್ಚಳ ಹಾಕಿದ ದುಂಡನೆಯ ರಂಧ್ರಗಳಿದ್ದವು. ಕೆಲಸಗಾರರು ಅದನ್ನು ಬಾಯಿ ಎನ್ನುತ್ತಿದ್ದರು. ಒಬ್ಬ ಒಳಗೆ ಇಳಿದರೆ ಇನ್ನೊಬ್ಬರು ಆ ಬಾಯಿಯ ಬಳಿ ಕೂತಿರಬೇಕು, ಒಳಗಿದ್ದವನು ಹೊರಗೆ ಬರುವ ತನಕ ಏಳಬಾರದು. ಹನ್ನೊಂದು ವರ್ಷದಿಂದ ಹಾಗೆ ಕೂತವಳು ಅವಳು. ಮಾತು ಎಣಿಸಿ ಆಡುವ ಹೆಂಗಸಿಗೆ ಬಾಯಕ್ಕ ಎಂಬ ಹೆಸರು ಅಂಟಿಕೊಂಡದ್ದು ಹೀಗೆ.

ಆ ಪೆಟ್ಟಿಗೆಯೊಳಗೆ ಬಣ್ಣ ಹಚ್ಚುತ್ತಿದ್ದ ಅವಳ ಗಂಡ ಎರಡು ವರ್ಷ ಕೆಮ್ಮಿ ಕೆಮ್ಮಿ ತೀರಿಕೊಂಡ. ಹೆಂಡತಿಗೆ ಏನಾದರೊಂದು ಕೆಲಸ ಕೊಡಬೇಕಲ್ಲ ಎಂದು ಈ ಕೆಲಸ ಕೊಟ್ಟರು. ಆಗ ಮಗಳಿಗೆ ಹದಿನಾಲ್ಕು. ಮೊದಲ ದಿನ ಬಾಯಿಯ ಬಳಿ ಕೂತಾಗ ಅವಳಿಗೆ ಒಳಗಿನ ಸದ್ದೆಲ್ಲ ಒಂದೇ ಥರ ಕೇಳಿಸಿತ್ತು. ಬರುಬರುತ್ತಾ ಯಾರು ಕೆರೆಯುತ್ತಿದ್ದಾರೆ, ಯಾರು ಬಳಿಯುತ್ತಿದ್ದಾರೆ, ಯಾರು ಬೀಡಿಯ ಆಸೆಗೆ ಸುಮ್ಮನೆ ಕೂತಿದ್ದಾರೆ ಎಂಬುದೆಲ್ಲ ಕಿವಿಗೇ ತಿಳಿಯತೊಡಗಿತು. ಒಬ್ಬ ಒಳಗೆ ಇಳಿದಾಗ ಮನಸ್ಸಿನಲ್ಲೇ ಒಂದು ಸಲ ದೇವರನ್ನು ನೆನೆಯುವಳು, ಅವನು ಹೊರಗೆ ತಲೆ ಹಾಕಿದಾಗ ಇನ್ನೊಂದು ಸಲ. ಅದನ್ನು ಯಾರಿಗೂ ಹೇಳಿದವಳಲ್ಲ.

ಒಳಗೆ ಗಾಳಿ ನೂಕುವ ಬ್ಲೋವರಿನ ಗದ್ದಲದಲ್ಲಿ ಕೂಗಿದ್ದು ಕೇಳಿಸುವುದಿಲ್ಲ. ಅದಕ್ಕೆ ಸುತ್ತಿಗೆಯಿಂದ ಕಬ್ಬಿಣದ ಮೇಲೆ ಬಡಿಯುವ ಕ್ರಮ. ಒಂದು ಬಡಿತ ಎಂದರೆ ಹೇಗಿದ್ದೀಯ. ಒಳಗಿದ್ದವನೂ ಒಂದು ಬಡಿದರೆ ಚೆನ್ನಾಗಿದ್ದೇನೆ ಎಂದು. ಎರಡು ಬಡಿದರೆ ತಡಿ, ಈಗ ಬೇಡ. ಮೂರು ಬಡಿದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ಓಡಿ ಬಾ.

ಈ ಮೂರು ಬಡಿತಕ್ಕೆ ಅರ್ಥ ಬದಲಾದದ್ದು ಅವಳು ಕೆಲಸಕ್ಕೆ ಸೇರಿದ ಮರುವರ್ಷ. ಬೆಳಿಗ್ಗೆ ಹತ್ತಕ್ಕೆ ಸೈಕಲ್ಲಿನವನು ಟೀ ತಂದು ಇಟ್ಟು ಹೋಗುತ್ತಿದ್ದ. ಒಂದು ಬಡಿದರೆ ಒಳಗಿದ್ದವರು ಚೆನ್ನಾಗಿದ್ದೇವೆ ಎನ್ನುವರು, ಬರುವವರಲ್ಲ. ಅವರು ಬರುವ ಹೊತ್ತಿಗೆ ಟೀ ಕೆರೆಯ ನೀರಾಗಿರುತ್ತಿತ್ತು. ಒಂದು ದಿನ ಅವಳು ರೋಸಿಹೋಗಿ ಮೂರು ಬಡಿದಳು. ಇಬ್ಬರು ಬಿಳಿಚಿದ ಮುಖ ಹೊತ್ತು ಒಬ್ಬರ ಮೇಲೊಬ್ಬರು ಬಿದ್ದು ಏಣಿ ಹತ್ತಿ ಬಂದರು. ಟೀ ಲೋಟ ನೋಡಿ ಬೈದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನವೂ ಮೂರು ಬಡಿದಳು. ಮೇಸ್ತ್ರಿ ಕಂಡೂ ಕಾಣದವನ ಹಾಗೆ ಬಿಸಿ ಟೀ ಕುಡಿದ. ಅಲ್ಲಿಂದ ಮುಂದೆ ಹತ್ತು ವರ್ಷ ಆ ಸೇತುವೆಯಲ್ಲಿ ಮೂರು ಬಡಿತ ಎಂದರೆ ಟೀ ಬಂತು ಎಂದೇ ಅರ್ಥ. ನಿಜವಾದ ಅಪಾಯ ಎನ್ನುವುದು ಆ ಹತ್ತು ವರ್ಷದಲ್ಲಿ ಒಂದು ಸಲವೂ ಬರಲಿಲ್ಲ.

ಅಳಿಯ ಸಿಕ್ಕಿದ್ದೂ ಆ ಬಾಯಿಯ ಬಳಿಯೇ. ಬಣ್ಣದ ಗುಂಪಿನಲ್ಲಿ ಅವನಷ್ಟು ಚೊಕ್ಕ ಕೈ ಇನ್ನೊಬ್ಬರಿಗಿರಲಿಲ್ಲ. ಟೀ ಕುಡಿದು ಲೋಟ ತೊಳೆದಿಟ್ಟು ಹೋಗುತ್ತಿದ್ದವನು ಅವನೊಬ್ಬನೇ. ಆ ಒಂದು ಲೋಟ ನೋಡಿಯೇ ಮಗಳನ್ನು ಕೊಟ್ಟಳು ಎಂದು ಮೇಸ್ತ್ರಿ ಹಾಸ್ಯ ಮಾಡುವನು. ಲೋಟ ತೊಳೆಯುವುದೇನೋ ನಿಜ, ಆದರೆ ಅವನ ಬಾಯಿಂದ ಮಾತು ಹೊರಡಿಸುವುದು ಬತ್ತಿದ ಬಾವಿಯಿಂದ ನೀರು ಸೇದಿದ ಹಾಗೆ ಎಂಬುದು ಮದುವೆಯಾದ ಮೇಲೆ ಗೊತ್ತಾಯಿತು. ಮಗಳು ಪೇಟೆಯ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಂಗಡಿಗೆ ಹತ್ತಿರ ಒಂದು ಮನೆ ಹಿಡಿಯೋಣ ಎಂದು ಗಂಡನಿಗೆ ಒಂದಲ್ಲ ಮೂರು ಸಲ ಹೇಳಿದಳು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ಬೆಳಿಗ್ಗೆ ಬ್ಯಾಗು ಹಿಡಿದು ತಾಯಿಯ ಮನೆಗೆ ಬಂದು ಕೂತಳು. "ಗೋಡೆ ಜೊತೆ ಸಂಸಾರ ಮಾಡೋಕಾಗಲ್ಲಮ್ಮ. ಗೋಡೆಗಾದ್ರೆ ಒಂದು ಮೊಳೆನಾದ್ರೂ ಹೊಡೀಬಹುದು" ಎಂದಳು.

ಅದಾಗಿ ಎರಡು ತಿಂಗಳು. ಮನೆಯಲ್ಲಿ ಮಗಳ ಮಾತು ಕೇಳುವುದು, ಕೆಲಸದಲ್ಲಿ ಅದನ್ನು ಅಳಿಯನಿಗೆ ದಾಟಿಸುವುದು, ಅಳಿಯನ ಮುಖ ನೋಡಿ ಅದರಲ್ಲಿ ಏನಾದರೂ ಉತ್ತರವಿದೆಯೇ ಎಂದು ಹುಡುಕಿ ಸಂಜೆ ಮಗಳಿಗೆ ಹೇಳುವುದು. ಬಾಯಕ್ಕನ ಪಾಡು ಅಡಕತ್ತರಿಯ ನಡುವಿನ ಅಡಿಕೆಯಾಯಿತು. ಟೀ ಹೊತ್ತಿನಲ್ಲಿ ಅವನ ಎದುರು ಕೂತು, "ಒಂದು ಸಲ ಮನೆಗೆ ಬಂದು ಕರೀಬಾರದೇ ನೀವು" ಎಂದು ದಿನಾ ಕೇಳುವಳು. ಅವನು ಲೋಟದ ತಳ ನೋಡುವನು. ಕೊನೆಕೊನೆಗೆ ಅವಳು ಮೂರು ಬಡಿದರೆ ಅವನು ಎರಡು ಬಡಿಯತೊಡಗಿದ. ತಡಿ, ಈಗ ಬೇಡ. ಉಳಿದವರೆಲ್ಲ ಕುಡಿದು ಎದ್ದ ಮೇಲೆ ಬಂದು, ಆರಿದ ಟೀಯನ್ನು ನಿಂತೇ ಕುಡಿದು ಮತ್ತೆ ಇಳಿಯುವನು. ಅತ್ತೆಗೆ ಅದು ತಿಳಿಯದೆ ಇರಲಿಲ್ಲ.

ಆ ದಿನ ಬೆಳಿಗ್ಗೆ ಒಳಗೆ ಇದ್ದವನು ಅವನೊಬ್ಬನೇ, ಮೂರನೆಯ ಕೋಣೆಯಲ್ಲಿ. ಉಳಿದವರು ಮೇಲೆ ರಸ್ತೆಯ ಅಂಚಿನ ಕಟಾಂಜನಕ್ಕೆ ಬಣ್ಣ ಹಚ್ಚುತ್ತಿದ್ದರು. ಹತ್ತು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು, ಟೀ ಬಂದಿರಲಿಲ್ಲ. ಬೆಂಕಿಪೊಟ್ಟಣ ಪೇರಿಸಿದ ಹಾಗೆ ಪೆಟ್ಟಿಗೆ ಹೊತ್ತ ಒಂದು ಸರಕು ಹಡಗು ಬಂದರಿನಿಂದ ಹೊರಟು ಸೇತುವೆಯ ಕಡೆ ಬರುತ್ತಿತ್ತು. ಅಂಥವನ್ನು ಅವಳು ಸಾವಿರ ನೋಡಿದ್ದಳು. ದೊಡ್ಡ ಹಡಗು ಹತ್ತಿರವಾದಾಗ ಅದರ ಎಂಜಿನ್ನಿನ ನಡುಕ ನೀರಿನಿಂದ ಕಂಬಕ್ಕೆ, ಕಂಬದಿಂದ ಕಬ್ಬಿಣಕ್ಕೆ ಏರಿ ಅವಳು ಕೂತ ಮಣೆಯಲ್ಲಿ ಗುಂಯ್ ಎನ್ನುವುದು. ಅವತ್ತೂ ಗುಂಯ್ ಎಂದಿತು. ಆಮೇಲೆ ನಿಂತಿತು.

ಅವಳು ತಲೆಯೆತ್ತಿ ನೋಡಿದಳು. ಹಡಗು ಬರುತ್ತಲೇ ಇತ್ತು. ಹೊಗೆ ಕೊಳವೆಯಿಂದ ಒಂದು ಮುದ್ದೆ ಕಪ್ಪು ಹೊಗೆ ಎದ್ದಿತು, ಮತ್ತೆ ಒಂದಿಷ್ಟು ನಡುಕ ಬಂತು, ಮತ್ತೆ ನಿಂತಿತು. ಮೂತಿ ನಿಧಾನವಾಗಿ ದಾರಿ ಬಿಟ್ಟು ಪಕ್ಕದ ಕಂಬದ ಕಡೆ ತಿರುಗುತ್ತಿತ್ತು.

ಮೇಸ್ತ್ರಿಯ ವಾಕಿಟಾಕಿ ಒದರಿತು. ಅವನು ಕೇಳಿ, ಕೈಯಲ್ಲಿದ್ದ ಡಬ್ಬಿ ಬಿಟ್ಟ. "ಸೇತುವೆ ಖಾಲಿ ಮಾಡಬೇಕಂತೆ. ಹಡಗಿಗೆ ಕರೆಂಟ್ ಹೋಗಿದೆ, ಚುಕ್ಕಾಣಿ ಮಾತು ಕೇಳ್ತಿಲ್ಲ. ಓಡಿ ಎಲ್ರೂ" ಎಂದ. ಹಡಗಿಗೂ ಕರೆಂಟ್ ಹೋಗುತ್ತಾ ಎಂದು ಒಬ್ಬ ನಗಲು ಹೋದವನು, ನೀರಿನ ಕಡೆ ನೋಡಿ ನಗು ನುಂಗಿ ಓಡಿದ. ಸೇತುವೆಯ ಎರಡೂ ತುದಿಯಲ್ಲಿ ವಾಹನ ತಡೆಯುವ ಗೇಟು ಇಳಿದವು. ನಡುವೆ ಸಿಕ್ಕಿಕೊಂಡಿದ್ದ ನೀರಿನ ಟ್ಯಾಂಕರಿನವನು ಏನೂ ತಿಳಿಯದೆ ನಿಲ್ಲಿಸಿಕೊಂಡು ಇಳಿದಿದ್ದ. ಅವನನ್ನು ಓಡಿಸಲು ಮೇಸ್ತ್ರಿ ಆ ಕಡೆ ಓಡುತ್ತಾ, "ಬಾಯಕ್ಕ, ಅಳಿಯನ್ನ ಕರಿ, ಇಬ್ರೂ ಬನ್ನಿ" ಎಂದು ಕೂಗಿದ.

ಅವಳು ಆಗಲೇ ಬಡಿಯುತ್ತಿದ್ದಳು. ಮೂರು.

ಒಳಗಿನಿಂದ ಉತ್ತರ ಬಂತು. ಎರಡು.

ಮತ್ತೆ ಮೂರು ಬಡಿದಳು. ಮತ್ತೆ ಎರಡು. ತಡಿ, ಈಗ ಬೇಡ. ಎಡೆಬಿಡದೆ ಬಡಿದಳು. ಒಳಗಿನಿಂದ ಈ ಸಲ ಎರಡು ಬಡಿತ ತುಸು ಜೋರಾಗಿಯೇ ಬಂತು, ಅಸಮಾಧಾನದಲ್ಲಿ ಬಡಿದ ಹಾಗೆ. ಹತ್ತು ವರ್ಷದ ಬಿಸಿ ಟೀ ಈಗ ಎದುರು ಬಂದು ನಿಂತಿತ್ತು.

ಒಳಗಿನ ದೀಪ ಆರಿಸಿದರೆ ಬರುತ್ತಾನೆ ಎಂದು ಅವಳಿಗೆ ಹೊಳೆಯಿತು. ದೀಪದ ವೈರು, ಬ್ಲೋವರಿನ ವೈರು ಎರಡನ್ನೂ ಒಟ್ಟಿಗೆ ಕಿತ್ತಳು. ಗದ್ದಲ ನಿಂತಿತು. ಒಳಗೆ ಒಂದು ಡಬ್ಬಿ ಉರುಳಿದ ಸದ್ದು, ಅವನು ಎಡವಿದ ಸದ್ದು, ಗೋಡೆ ತಡವುವ ಸದ್ದು. ಅವಳು ಬಾಯಿಗೆ ಮುಖ ಇಟ್ಟು ಕೂಗಿದಳು. ಕಬ್ಬಿಣದ ಕೋಣೆಗಳಲ್ಲಿ ಕೂಗು ಒಡೆದು ಚೂರಾಗಿ ತಿರುಗಿ ಬಂತೇ ಹೊರತು ಮಾತಾಗಿ ಅವನಿಗೆ ತಲುಪಲಿಲ್ಲ. ಕತ್ತಲಲ್ಲಿ ಅವನಿಗೆ ಕಿಂಡಿ ಸಿಗುತ್ತಿಲ್ಲ. ಆ ಕತ್ತಲು ಮಾಡಿದವಳು ತಾನೇ.

ಬಾಯಿ ಕಾಯುವವರು ಯಾವ ಕಾರಣಕ್ಕೂ ಒಳಗೆ ಇಳಿಯಬಾರದು ಎಂಬುದು ಆ ಕೆಲಸದ ಮೊದಲ ಪಾಠ. ಅವಳು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸೀರೆ ಎತ್ತಿ ಸಿಕ್ಕಿಸಿ, ಸುತ್ತಿಗೆ ಹಿಡಿದ ಕೈಯಲ್ಲೇ ಏಣಿ ಇಳಿದಳು. ಮೊದಲ ಕಿಂಡಿ ದಾಟಿದಳು, ಎರಡನೆಯದೂ ದಾಟಿದಳು. ಟಾರ್ಚಿನ ಬೆಳಕು ಅವನ ಮುಖದ ಮೇಲೆ ಬಿತ್ತು. ಅವನು ಬೆಳಕಿಗೆ ಕಣ್ಣು ಕಿರಿದು ಮಾಡಿ, "ಅತ್ತೆ? ನೀವ್ಯಾಕೆ ಒಳಗೆ" ಎನ್ನುತ್ತಿದ್ದ.

ಮಾತು ಮುಗಿಯಲಿಲ್ಲ. ಆ ಸದ್ದನ್ನು ಅವಳು ಮುಂದೆ ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ. ಕಿವಿಗೆ ಕೇಳಿದ್ದಕ್ಕಿಂತ ಹಲ್ಲಿಗೆ ಕೇಳಿತು ಎಂದಷ್ಟೇ ಹೇಳುತ್ತಿದ್ದಳು. ಹಡಗು ಪಕ್ಕದ ಕಂಬಕ್ಕೆ ಗುದ್ದಿತ್ತು. ಕಂಬ ಮುರಿದು, ಅದು ಹೊತ್ತಿದ್ದ ರಸ್ತೆ, ರಸ್ತೆ ಹೊತ್ತಿದ್ದ ಪೆಟ್ಟಿಗೆ ಎಲ್ಲ ನೀರಿಗೆ ಇಳಿದವು. ಇವರಿದ್ದ ತುಂಡಿನ ಒಂದು ತುದಿ ನೀರಿಗೆ ಬಿದ್ದರೂ ಇನ್ನೊಂದು ತುದಿ ತನ್ನ ಕಂಬಕ್ಕೆ ಜೋತುಕೊಂಡು ನಿಂತಿತು. ನೆಲ ಇಳಿಜಾರಾಯಿತು. ಅವಳು ಜಾರಿ ಗೋಡೆಗೆ ಬಡಿದಳು, ಎಡಗೈ ಮಣಿಕಟ್ಟು ಮುರಿಯಿತು. ಮೂಲೆಯಲ್ಲಿ ಪೇರಿಸಿಟ್ಟಿದ್ದ ಕಬ್ಬಿಣದ ಪೈಪುಗಳ ಕಟ್ಟು ಜಾರಿ ಬಂದು ಅವನ ಬಲಗಾಲನ್ನು ಅಡ್ಡಗೋಡೆಗೆ ಒತ್ತಿ ಹಿಡಿಯಿತು.

ಎಲ್ಲ ನಿಂತ ಮೇಲೆ ಅವಳು ಟಾರ್ಚು ಹುಡುಕಿ ಹೊತ್ತಿಸಿದಳು. ಅವನಿಗೆ ಎಚ್ಚರವಿತ್ತು. ಕೆಳಗಿನ ಕೋಣೆಯಲ್ಲಿ ನೀರು ಬುಳುಬುಳು ಎನ್ನುತ್ತಿತ್ತು. ಗಾಳಿಯಲ್ಲಿ ಬಣ್ಣಕ್ಕೆ ಬೆರೆಸುವ ಥಿನ್ನರಿನ ಘಾಟು, ಕತ್ತಲಲ್ಲಿ ಉರುಳಿದ್ದು ಅದರ ಡಬ್ಬಿಯೇ. ಪೈಪು ಎಳೆದು ನೋಡಿದಳು. ಒಂಟಿ ಕೈಗೆ ಅದು ಅಲ್ಲಾಡಲಿಲ್ಲ, ಇಬ್ಬರೂ ಸೇರಿ ನೂಕಿದರೂ ಅಲ್ಲಾಡಲಿಲ್ಲ. ತೆವಳಿಕೊಂಡು ಮೇಲಿನ ಎರಡೂ ಕಿಂಡಿ ದಾಟಿ ಹೋಗಿ ಬಾಯಿ ನೋಡಿದಳು. ಮೇಲಿನ ಕಬ್ಬಿಣ ಬಾಗಿ ಬಾಯಿ ಮುಚ್ಚಿಹೋಗಿತ್ತು. ಅಂಗೈ ತೂರುವಷ್ಟು ಒಂದು ಸೀಳು ಮಾತ್ರ ಉಳಿದಿತ್ತು. ಅದರಿಂದ ಒಂದು ಪಟ್ಟಿ ಬೆಳಕು, ಒಂದಿಷ್ಟು ಗಾಳಿ. ಕೂಗಿದಳು. ಹೊರಗೆ ಸೈರನ್ನುಗಳು, ದೋಣಿಗಳು, ಗಾಳಿ. ಯಾರಿಗೂ ಕೇಳಲಿಲ್ಲ.

ಮತ್ತೆ ಅವನ ಬಳಿಗೆ ಇಳಿದಳು. "ಹೊರಗೆ ಏನು ಕಾಣುತ್ತೆ?" ಎಂದು ಅವನು ಕೇಳಿದ. ಆಕಾಶ ಕಾಣುತ್ತೆ ಎಂದಳು. ಅವನು ಕೆಳಗಿನ ನೀರಿನ ಸದ್ದಿಗೆ ಕಿವಿಗೊಟ್ಟು, "ಇವತ್ತು ಉಬ್ಬರ ಎಷ್ಟು ಗಂಟೆಗೆ?" ಎಂದ.

ಅದು ಅವಳಿಗೂ ಗೊತ್ತಿತ್ತು. ಕೆಲಸದ ಶೆಡ್ಡಿನ ಹಲಗೆಯಲ್ಲಿ ದಿನಾ ಬರೆದಿರುತ್ತಿದ್ದರು. ಒಂದೂವರೆಗೆ. ಈಗ ಹತ್ತೂಕಾಲು. ಕೆಳಗಿನ ಕೋಣೆಯ ನೀರು ಕಿಂಡಿಯ ಅಂಚು ಮುಟ್ಟಲು ಒಂದು ಮೊಳ ಬಾಕಿ ಇತ್ತು. ಅಂಚು ದಾಟಿದರೆ ಅವನು ಕೂತ ಕೋಣೆ. ಅವಳು ಸುಳ್ಳು ಹೇಳಲಿಲ್ಲ, ಗಂಟೆಯನ್ನೂ ಹೇಳಿದಳು, ನೀರು ಎಲ್ಲಿದೆ ಎಂಬುದನ್ನೂ ಹೇಳಿದಳು. ಆಮೇಲೆ ಸುತ್ತಿಗೆ ತೆಗೆದುಕೊಂಡು ಚಾವಣಿಗೆ ಒಂದು ಬಡಿದಳು. ಕಾದು ಮತ್ತೆ ಒಂದು. ಒಂದೊಂದು ಬಡಿತಕ್ಕೂ ಮನಸ್ಸಿನಲ್ಲಿ ಒಂದೊಂದು ಸಲ ದೇವರ ಹೆಸರು.

ಸುಮಾರು ಅರ್ಧ ಗಂಟೆಯ ಮೇಲೆ ಮೇಲಿನಿಂದ ಒಂದು ಬಡಿತ ಬಂತು. ಗೊತ್ತಿದ್ದ ಕೈ. ಮೇಸ್ತ್ರಿಯ ಬಡಿತ ಯಾವತ್ತೂ ತುಸು ಎಳೆದ ಹಾಗೆ ಇರುತ್ತಿತ್ತು. "ನಮ್ಮೋರು ಬಂದ್ರು" ಎಂದಳು. ಅಳಿಯ ಕಣ್ಣು ಮುಚ್ಚಿಕೊಂಡ.

ಬಂದರು ಸರಿ, ಆದರೆ ಜೋತುಬಿದ್ದ ತುಂಡಿನ ಮೇಲೆ ಹತ್ತಲು ಸುಲಭವಿರಲಿಲ್ಲ. ಹೆಚ್ಚು ಜನ ಹತ್ತಿದರೆ ಉಳಿದದ್ದೂ ಕಳಚಿಕೊಳ್ಳಬಹುದು. ಅವರು ಹಗ್ಗ ಬಿಗಿಯುವುದು, ಕೊಂಡಿ ಹಾಕುವುದು, ದೋಣಿಯವರಿಗೆ ಸನ್ನೆ ಮಾಡುವುದು ಎಲ್ಲವನ್ನೂ ಅವಳು ಸದ್ದಿನಲ್ಲೇ ಲೆಕ್ಕ ಹಾಕುತ್ತಾ ಕೂತಳು. ಹನ್ನೊಂದೂವರೆಗೆ ನೀರು ಕಿಂಡಿಯ ಅಂಚು ದಾಟಿತು. ಮೊದಲು ಒಂದು ತೆಳು ನಾಲಿಗೆಯ ಹಾಗೆ ಬಂದು ಅವನ ಹಿಮ್ಮಡಿ ನೆಕ್ಕಿತು.

"ನೀವು ಮೇಲಿನ ಕೋಣೆಗೆ ಹೋಗಿ ಅತ್ತೆ. ಅಲ್ಲಿಗೆ ನೀರು ಬರಲ್ಲ" ಎಂದ.

"ಹೋಗಿ ಏನು ಮಾಡ್ಲಿ, ಬಟ್ಟೆ ಒಣಗಿಸ್ಲಾ?" ಎಂದಳು.

ಅವನಿಗೆ ನಗು ಬಂತು, ನಗುವಿನೊಂದಿಗೆ ಕಾಲಿನ ನೋವೂ ಬಂತು. ಅವಳು ಅವನ ಹಿಂದೆ ಕೂತು ಬೆನ್ನಿಗೆ ಒರಗು ಕೊಟ್ಟಳು. ಐದಾರು ವರ್ಷದ ಪರಿಚಯದಲ್ಲಿ ಅತ್ತೆ ಅಳಿಯ ಒಬ್ಬರನ್ನೊಬ್ಬರು ಮುಟ್ಟಿದ್ದಿರಲಿಲ್ಲ. ಟಾರ್ಚು ಉಳಿಯಲಿ ಎಂದು ಆರಿಸಿದಳು. ಕತ್ತಲಲ್ಲಿ ನೀರಿನ ಸದ್ದು ಹತ್ತಿರವಾಯಿತು.

ಆಗ ಹೇಳಿದಳು. ಟೀಗೆ ಅಂತ ಮೂರು ಬಡಿಯೋಕೆ ಶುರುಮಾಡಿದ್ದು ತಾನು, ಆ ಅಭ್ಯಾಸವೇ ಇವತ್ತು ಅವನನ್ನು ಇಲ್ಲಿ ಕೂರಿಸಿದೆ, ದೀಪ ಕಿತ್ತು ಕತ್ತಲು ಮಾಡಿದ್ದೂ ತಾನೇ.

ಅವನು ಬಹಳ ಹೊತ್ತು ಸುಮ್ಮನಿದ್ದ. ಇವನ ಮೌನ ಇಲ್ಲೂ ಬಿಡಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ಆಮೇಲೆ ಅವನು ಹೇಳಿದ. "ಟೀ ಅಂತ್ಲೇ ಅಂದ್ಕೊಂಡೆ. ಆದ್ರೆ ಬೇರೆ ಯಾರು ಕೂತಿದ್ರೂ ಟೀ ಅಂದ್ರೆ ಎದ್ದು ಬರ್ತಿದ್ದೆ. ನಿಮ್ಮ ಎದುರಿಗೆ ಕೂರೋಕೆ ಆಗದೆ ಎರಡು ಬಡಿದೆ. ಇವತ್ತು ಹಿಡಿದು ಕೇಳೇ ಬಿಡ್ತಾರೆ ಅನ್ನಿಸ್ತು, ಅಷ್ಟು ಸಲ ಬಡಿದ್ರಲ್ಲ."

ನೀರು ಅವನ ಮೊಣಕಾಲಿಗೆ ಬಂದಿತ್ತು. ಮೇಲೆ ಹೆಜ್ಜೆಗಳು ಅವರ ನೆತ್ತಿಯ ಮೇಲಕ್ಕೇ ಬಂದು ನಿಂತವು. ಏನನ್ನೋ ಎಳೆದು ತಂದು ಇಟ್ಟ ಸದ್ದು. ಆಮೇಲೆ ಪಟ್ ಎಂದು ಒಂದು ಚಿಟಿಕೆಯಷ್ಟು ಸಣ್ಣ ಸದ್ದು, ಅದರ ಹಿಂದೆಯೇ ಉಸ್ ಎನ್ನುವುದು.

ಬಾಯಕ್ಕನಿಗೆ ಆ ಸದ್ದು ಗೊತ್ತಿತ್ತು. ಅದು ಬೆಂಕಿಯಿಂದ ಕಬ್ಬಿಣ ಕೊಯ್ಯುವ ಗ್ಯಾಸ್ ಕಟರ್ ಹೊತ್ತಿಸಿದ್ದು. ಕೋಣೆ ತುಂಬ ಥಿನ್ನರಿನ ಘಾಟು ಗಾಳಿಯಿಲ್ಲದೆ ಹೆಪ್ಪುಗಟ್ಟಿ ಕೂತಿದೆ. ಒಂದು ಕಿಡಿ ಒಳಗೆ ಬಿದ್ದರೆ ನೀರು ಮುಳುಗಿಸುವ ತನಕ ಕಾಯಬೇಕಾಗಿಲ್ಲ. ಅವಳು ಸುತ್ತಿಗೆ ಎತ್ತಿ ಚಾವಣಿಗೆ ಎರಡು ಬಡಿದಳು. ಎರಡು, ಮತ್ತೆ ಎರಡು, ಮತ್ತೆ ಎರಡು. ಮುರಿದ ಕೈಯನ್ನೂ ಸೇರಿಸಿ ಬಡಿದಳು. ಅಳಿಯನಿಗೆ ಏನೆಂದು ತಿಳಿದು ಅವನೂ ಕೈಗೆ ಸಿಕ್ಕ ಉಳಿಯಿಂದ ಗೋಡೆಗೆ ಎರಡೆರಡು ಬಡಿದ.

ಮೇಲೆ ಏನು ನಡೆಯಿತೆಂಬುದನ್ನು ಮೇಸ್ತ್ರಿ ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ರಕ್ಷಣೆಯವರು, ಪಾಪ, ಒಳಗಿದ್ದವರು ಬೇಗ ಬನ್ನಿ ಎಂದು ಅವಸರ ಪಡಿಸುತ್ತಿದ್ದಾರೆ ಎಂದುಕೊಂಡು ಬೆಂಕಿಯನ್ನು ಇನ್ನೇನು ಕಬ್ಬಿಣಕ್ಕೆ ಹಿಡಿಯಬೇಕು. ಅಷ್ಟರಲ್ಲಿ ಮೇಸ್ತ್ರಿ ಹೋಗಿ ಆ ಕಟರ್ ಹಿಡಿದವನ ಭುಜ ಎಳೆದು ಕೆಡವಿದ. "ಎರಡು ಅಂದ್ರೆ ತಡಿ ಅಂತ. ಬಾಯಕ್ಕ ತಡಿ ಅಂದ್ರೆ ತಡೀಬೇಕು" ಎಂದ. ಅವರು ಬೈದರು, ಇವನಿಗೆ ತಲೆ ಕೆಟ್ಟಿದೆ ಎಂದರು. ಆಮೇಲೆ ಅವರಲ್ಲೇ ಒಬ್ಬ ಆ ಸೀಳಿನ ಬಳಿ ಬಗ್ಗಿ ಮೂಸಿ ನೋಡಿ, ಕಟರಿನ ಕಿವಿ ತಿರುಗಿಸಿ ಆರಿಸಿದ.

ಉಸ್ ಎನ್ನುವುದು ನಿಂತಾಗ ಅವಳು ಸುತ್ತಿಗೆ ಇಳಿಸಿದಳು. ಬೆಂಕಿಯಿಲ್ಲದೆ ಕತ್ತರಿಸುವ ಯಂತ್ರ ದೂರದಿಂದ ಬರಬೇಕಿತ್ತು. ಸೇತುವೆ ಬಿದ್ದಿದೆ, ಸುತ್ತಿ ಬರಬೇಕು. ಅದು ಬರುವ ತನಕ ಕಾಯುವುದೊಂದೇ ಉಳಿದಿತ್ತು. ಕಾಯುವುದು ಅವಳು ಬಲ್ಲ ಕೆಲಸ, ಆದರೆ ಅದುವರೆಗೆ ಹೊರಗೆ ಕೂತು ಕಾದಿದ್ದಳೇ ಹೊರತು ಒಳಗೆ ಕೂತು ಕಾದಿರಲಿಲ್ಲ. ಗೋಡೆಗಳು ನಾಲ್ಕೂ ಕಡೆಯಿಂದ ಹತ್ತಿರ ಬಂದ ಹಾಗೆ ಆಗುತ್ತಿತ್ತು. ಗಂಡ ಇಷ್ಟು ವರ್ಷ ಇದರೊಳಗೆ ಹೇಗೆ ಉಸಿರಾಡಿದ ಎಂದು ಮೊದಲ ಸಲ ಯೋಚಿಸಿದಳು.

ಹನ್ನೆರಡೂಮುಕ್ಕಾಲಿಗೆ ನೀರು ಅವನ ಸೊಂಟ ದಾಟಿತು. ಅವನ ಹಲ್ಲು ಕಟಕಟಿಸುತ್ತಿತ್ತು. ತಣ್ಣೀರಿನಲ್ಲಿ ನಿದ್ದೆ ಬಂದರೆ ಒಳ್ಳೆಯದಲ್ಲ ಎಂದು ಅವಳಿಗೆ ಗೊತ್ತಿತ್ತು. ಮಾತಾಡಿಸುತ್ತಲೇ ಇದ್ದಳು. ಅವನೂ ಮಾತಾಡಿದ. ಐದು ವರ್ಷದಲ್ಲಿ ಆಡದಷ್ಟು ಮಾತು ಆ ಒಂದು ಗಂಟೆಯಲ್ಲಿ ಆಡಿದ. ಬಾಯಿ ತೆಗೆದರೆ ಎಲ್ಲಿ ಜಗಳವಾಗುತ್ತೋ ಎಂದು ಮುಚ್ಚಿಕೊಂಡು ಕೂರುವುದು ಚಿಕ್ಕಂದಿನಿಂದ ಬಂದದ್ದು ಎಂದ. ಹೊಲಿಗೆ ಅಂಗಡಿಯ ಹತ್ತಿರ ಮನೆ ಹುಡುಕಿಯೂ ಆಗಿತ್ತಂತೆ, ಹೆಂಡತಿ ಹೊರಟುಹೋಗುವ ಮುಂಚೆಯೇ. ಮೂರನೇ ಮಹಡಿ, ಎರಡು ಕಿಟಕಿ, ಹೊಲಿಗೆ ಮೆಷಿನ್ ಇಡಲು ಬೆಳಕು ಬೀಳುವ ಒಂದು ಮೂಲೆ. ಎಲ್ಲ ಗಟ್ಟಿಯಾದ ಮೇಲೆ ಹೇಳೋಣ ಎಂದುಕೊಂಡಿದ್ದ. ಗಟ್ಟಿಯಾಗುವಷ್ಟರಲ್ಲಿ ಅವಳು ಬ್ಯಾಗು ಕಟ್ಟಿದ್ದಳು. ಆಮೇಲೆ ಹೇಳಿದರೆ ಅವಳನ್ನು ವಾಪಸು ಕರೆಸಲು ಕಟ್ಟಿದ ಕತೆ ಅಂದುಕೊಳ್ಳುತ್ತಾಳೆ ಎಂದು ಹೇಳಲೇ ಇಲ್ಲ.

"ಅಷ್ಟು ಹೇಳೋಕೆ ಏನಾಗಿತ್ತೋ ನಿನಗೆ?" ಎಂದಳು ಬಾಯಕ್ಕ. ಮದುವೆಯ ದಿನದಿಂದ ನೀವು ತಾವು ಎಂದೇ ನಡೆಸಿಕೊಂಡು ಬಂದವಳ ಬಾಯಲ್ಲಿ ಏಕವಚನ ಬಂದದ್ದು ಅವಳಿಗೂ ಗೊತ್ತಾಗಲಿಲ್ಲ. "ನಾನು ದಿನಾ ಎದುರಿಗೆ ಕೂತು ಗಿಣಿ ಹಾಗೆ ಕೇಳ್ತಿದ್ನಲ್ಲ."

"ನಿಮ್ಮ ಹತ್ರ ಹೇಳಿದ್ರೆ ನೀವು ಹೇಳಿದ ಹಾಗೆ ಆಗುತ್ತೆ. ನಾನು ಹೇಳಿದ ಹಾಗೆ ಆಗಲ್ಲ."

ಅವಳು ಟಾರ್ಚು ಹೊತ್ತಿಸಿ ನೀರು ಎಲ್ಲಿಗೆ ಬಂತೆಂದು ನೋಡಿ ಮತ್ತೆ ಆರಿಸಿದಳು.

ನೀರು ಎದೆಗೆ ಬಂತು. ಅವಳು ಅವನ ಕಂಕುಳಲ್ಲಿ ಬಲಗೈ ತೂರಿಸಿ ಎತ್ತಿ ಹಿಡಿದಳು. ಅವನ ಮಾತು ತಡವರಿಸತೊಡಗಿತ್ತು. "ಅತ್ತೆ, ನಾನು ಬರದೇ ಹೋದ್ರೆ ಅವಳಿಗೆ ಆ ಮನೆ ವಿಷಯ ಹೇಳಿ. ನೋಡಿದ್ದೆ ಅಂತ ಹೇಳಿ" ಎಂದ.

"ಹೇಳಲ್ಲ" ಎಂದಳು.

ಅವನು ತಲೆ ತಿರುಗಿಸಲು ನೋಡಿದ.

"ನಾನು ಒಂದಕ್ಷರ ಹೇಳಲ್ಲ. ಎರಡು ತಿಂಗಳು ನಿಮ್ಮಿಬ್ಬರ ಮಾತು ಹೊತ್ತೂ ಹೊತ್ತೂ ನನಗೆ ಸಾಕಾಗಿದೆ. ನೀನೇ ಬಂದು ಹೇಳು. ಬರದೆ ಹೋದ್ರೆ ಅವಳಿಗೆ ಯಾವತ್ತೂ ಗೊತ್ತಾಗಲ್ಲ, ನೆನಪಿಟ್ಕೋ."

ಮನಸ್ಸಿನಲ್ಲೇ ಅವಳು ಭಗವಂತನ ಹತ್ತಿರ ಬೇರೆ ಭಾಷೆಯಲ್ಲಿ ಮಾತಾಡುತ್ತಿದ್ದಳು. ಅವನ ತಪ್ಪಿಲ್ಲ, ಲೆಕ್ಕ ಏನಿದ್ದರೂ ನನ್ನ ಹತ್ತಿರ ಕೇಳು ಎಂದು. ಅವನ ಕಿವಿಗೆ ಮಾತ್ರ ಬೈಗುಳ. ಕಣ್ಣು ಬಿಡು, ಮನೆಗೆ ಎಷ್ಟು ಕಿಟಕಿ ಅಂದೆ, ಎಣಿಸಿ ಹೇಳು, ಯಾವ ಕಡೆಗೆ ತೆರೆಯುತ್ತೆ ಹೇಳು. ಅವನು ಎರಡು ಎನ್ನುವನು, ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಕೇಳುವಳು, ಅವನು ಮತ್ತೆ ಎರಡು ಎನ್ನುವನು.

ಯಂತ್ರ ಬಂದದ್ದು ಒಂದೂಕಾಲಿಗೆ. ಕಬ್ಬಿಣವನ್ನು ಕಚ್ಚಿ ಕಚ್ಚಿ ಹರಿಯುವಂಥದ್ದು, ಕಿಡಿ ಏಳದಂತೆ ಮೇಲಿನಿಂದ ನೀರು ಸುರಿಯುತ್ತಿದ್ದರು, ಅದು ಇಂಚಿಂಚಾಗಿ ಸೀಳಿತು. ಚಾವಣಿಯಲ್ಲಿ ಒಂದು ಗೆರೆ ಬೆಳಕು ಕಂಡಾಗ ನೀರು ಅವನ ಗಲ್ಲದ ಕೆಳಗಿತ್ತು. ಅವಳು ಅವನ ಗಲ್ಲವನ್ನು ತನ್ನ ಭುಜದ ಮೇಲೆ ಇಟ್ಟುಕೊಂಡಿದ್ದಳು. ರಕ್ಷಣೆಯವರು ಇಬ್ಬರು ಇಳಿದರು. ಮೊದಲು ಅಮ್ಮ ನೀವು ಹತ್ತಿ ಎಂದರು. ಅವಳಿಗೆ ಕೈ ಬಿಡಿಸಿಕೊಳ್ಳಲು ಆಗಲಿಲ್ಲ, ಬೆರಳುಗಳು ಅವನ ಅಂಗಿಯಲ್ಲಿ ಸೆಟೆದುಕೊಂಡಿದ್ದವು. ಒಬ್ಬ ಅವನ್ನು ಒಂದೊಂದಾಗಿ ಬಿಡಿಸಿದ. ಪೈಪುಗಳನ್ನು ಎತ್ತುವ ಜಾಕ್ ಹಾಕಿ ಕಾಲು ಬಿಡಿಸುವಾಗ ಅವನು ಕೂಗಿದ ಕೂಗು ಮೇಲೆ ಅವಳಿಗೆ ಕೇಳಿಸಿತು. ಕೂಗುತ್ತಿದ್ದಾನೆ, ಅಂದರೆ ಇದ್ದಾನೆ ಎಂದುಕೊಂಡು ಅವಳು ಬಿಸಿಲಿನಲ್ಲಿ ಕೂತುಬಿಟ್ಟಳು.

ಹಡಗು ಅಲ್ಲೇ ನಿಂತಿತ್ತು, ಮೂತಿಯ ಮೇಲೆ ಅರ್ಧ ರಸ್ತೆ ಹೊತ್ತುಕೊಂಡು. ಅದರ ಮೇಲೆ ಸಣ್ಣ ಸಣ್ಣ ಮನುಷ್ಯರು ಕಟಾಂಜನ ಹಿಡಿದು ಇವರ ಕಡೆಯೇ ನೋಡುತ್ತಿದ್ದರು. ಅವರೂ ಇಳಿಯುವ ಹಾಗಿರಲಿಲ್ಲ.

ವಿಚಾರಣೆಯವರು ಆಸ್ಪತ್ರೆಗೆ ಬಂದದ್ದು ಐದನೆಯ ದಿನ. ಹಡಗಿನದು ದೊಡ್ಡ ವಿಚಾರಣೆ, ಅದು ಬೇರೆ ನಡೆಯುತ್ತಿತ್ತು. ಇವರು ಕೇಳಲು ಬಂದದ್ದು ಒಬ್ಬ ಕೆಲಸಗಾರ ಯಾಕೆ ಒಳಗೇ ಉಳಿದ ಎಂದು. ಬಾಯಕ್ಕ ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮೂರು ಬಡಿತದ ಕತೆಯನ್ನು ಮೊದಲಿನಿಂದ ಹೇಳಿದಳು. ಬರೆಯುತ್ತಿದ್ದ ಅಧಿಕಾರಿ ಪೆನ್ನು ನಿಲ್ಲಿಸಿದ. "ಬೆಳಿಗ್ಗೆ ಸ್ವಲ್ಪ ಎಚ್ಚರವಾದಾಗ ನಿಮ್ಮ ಅಳಿಯ ಬೇರೆ ಹೇಳಿದ್ದಾರಲ್ಲಮ್ಮ. ಬ್ಲೋವರ್ ಸದ್ದಿಗೆ ಬಡಿತ ಕೇಳಿಸಲಿಲ್ಲ ಅಂದಿದ್ದಾರೆ."

"ಅವರು ನನ್ನ ಮರ್ಯಾದೆ ಉಳಿಸೋಕೆ ಹೇಳಿದ್ದು ಸಾರ್. ನಾನು ನಡೆದದ್ದು ಹೇಳ್ತಿದ್ದೀನಿ. ಬರ್ಕೊಳ್ಳಿ. ಬೇರೆ ಸೇತುವೆಗಳಲ್ಲೂ ಟೀ ಕುಡೀತಾರೆ."

ಅವನು ಬರೆದುಕೊಂಡ. ಓದಿ ಹೇಳಿದ. ಅವಳು ಸಹಿ ಮಾಡಿದಳು. ಕೆಲಸ ಹೋಗಬಹುದು ಎಂದು ಅವನು ಮೆಲ್ಲಗೆ ಹೇಳಿದಾಗ, ಹೋಗಲಿ ಎಂದಳು. ಕಾಯಲು ಆ ಬಾಯಿಯೇ ಈಗ ಉಳಿದಿರಲಿಲ್ಲ.

ಅಳಿಯನ ಪಾದ ಉಳಿಯಿತು, ಎರಡು ಬೆರಳು ಹೋದವು, ಕಾಲಿಗೆ ಸರಳು ಹಾಕಿದ್ದರು. ಮೊದಲ ದಿನಗಳಲ್ಲಿ ಅವನಿಗೆ ಮದ್ದಿನ ಮಂಪರು. ಮಗಳು ದಿನಾ ಬಂದು ಬಾಗಿಲ ಹೊರಗಿನ ಬೆಂಚಿನಲ್ಲಿ ತಾಯಿಯ ಪಕ್ಕ ಕೂರುತ್ತಿದ್ದಳು, ಒಳಗೆ ಹೋಗಿ ಅವನು ಮಲಗಿದ್ದನ್ನು ನೋಡಿಕೊಂಡು ಬರುತ್ತಿದ್ದಳು. ಅಧಿಕಾರಿಗಳು ಹೋದ ದಿನ ಸಂಜೆ ನರ್ಸು ಬಂದು, ಪೂರ್ತಿ ಎಚ್ಚರವಾಗಿದ್ದಾರೆ, ಒಬ್ಬರು ಹೋಗಬಹುದು ಎಂದಳು. ಮಗಳು ಎದ್ದವಳು ಮತ್ತೆ ಕೂತಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, "ಮೂರೂವರೆ ಗಂಟೆ ಒಳಗಿದ್ರಲ್ಲಮ್ಮ. ನನ್ನ ವಿಷಯ ಏನಾದ್ರೂ ಅಂದ್ರಾ?" ಎಂದು ಕೇಳಿದಳು.

ತಾಯಿಗೆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೂರನೇ ಮಹಡಿ, ಬೆಳಕು ಬೀಳುವ ಮೂಲೆ. "ಹೋಗಿ ಕೇಳು" ಎಂದಳು.

"ಅವರು ಹೇಳ್ತಾರಾ?"

"ನನಗೇನು ಗೊತ್ತು. ಹೋಗು."

ಮಗಳು ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಮಂಚದ ಸಪ್ಪಳ, ಕುರ್ಚಿ ಎಳೆದ ಸಪ್ಪಳ, ಮತ್ತೆ ಏನೂ ಇಲ್ಲ. ಆಮೇಲೆ ಗಂಡಸಿನ ದನಿ ಶುರುವಾಯಿತು, ಒಂದು ಮಾತು ಆಡಿ ನಿಂತು, ಇನ್ನೊಂದು ಆಡಿ ನಿಂತು. ಬಾಯಕ್ಕನ ಕಿವಿ ತಾನಾಗಿ ಆ ಕಡೆ ವಾಲಿತು. ಅವಳು ಎದ್ದಳು. ಆ ದನಿ ಬರೀ ದನಿಯಾಗಿ ಕೇಳಿಸುವಷ್ಟು ದೂರ, ಮಾತು ತಿಳಿಯದಷ್ಟು ದೂರ, ಪಡಸಾಲೆಯ ಆ ಕೊನೆಯ ಕಿಟಕಿಯ ತನಕ ನಡೆದುಹೋದಳು. ನೆಲ ಒರೆಸುತ್ತಿದ್ದ ಹೆಂಗಸು, ಇಲ್ಲಿ ಒದ್ದೆಯಿದೆ, ಜಾರೀರಿ ಎಂದು ಗದರಿದಳು. ಪರವಾಗಿಲ್ಲಮ್ಮ, ಇಲ್ಲೇ ನಿಂತಿರ್ತೀನಿ ಎಂದಳು ಬಾಯಕ್ಕ.